ಊರಿಗೆ ಮರಳಬೇಕಾದ ಉತ್ತರ

(ಮಲೆನಾಡಿನ ಗ್ರಾಮಸ್ಥರು ಮತ್ತು ಪದವಿ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ತೀವ್ರವಾದ ಜ್ವರ ಕಾಣಿಸಿಕೊಂಡಿತು. ಮಂಗಗಳ ಸಾವಿನ ಸುದ್ದಿ ಕೇಳಿದ ತಜ್ಞರಿಗೆ, ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳ ಹಳದಿ ಜ್ವರ ಭಾರತಕ್ಕೂ ಕಾಲಿಟ್ಟಿತೇ ಎಂಬ ಶಂಕೆ ಮೊದಲು ಮೂಡಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಸ್ಥಳದಲ್ಲೇ ನಿಂತು ನಡೆಸಿದ ಪರೀಕ್ಷೆಗಳಿಂದ, ಇದು ಅದುವರೆಗೆ ಗೊತ್ತಿರದಿದ್ದ ವೈರಾಣು, ಉಣುಗುಗಳ ಮೂಲಕ ಹರಡುವಂಥದ್ದು ಎಂಬುದು ಖಚಿತವಾಯಿತು. ಕಾಡಿನ ಹೆಸರೇ ರೋಗದ ಹೆಸರಾಯಿತು. ಮಲೆನಾಡಿನ ಜನ ಇದನ್ನು ಮಂಗನ ಕಾಯಿಲೆ ಎಂದು ಕರೆಯುತ್ತಾರೆ.

ಈ ವೃತ್ತಾಂತದಲ್ಲಿ ಗಮನಿಸಬೇಕಾದ ಎರಡು ಸಂಗತಿಗಳಿವೆ. ಮಂಗ ಸತ್ತದ್ದನ್ನು ಮೊದಲು ಕಂಡವರು ಕಾಡಂಚಿನ ಜನ. ಬಲ್ಲವರ ಮೊದಲ ಊಹೆ ತಪ್ಪಾಗಿತ್ತು, ಪರೀಕ್ಷೆ ಅದನ್ನು ತಿದ್ದಿತು. ಸಾರ್ವಜನಿಕ ಆರೋಗ್ಯದ ಸಂಶೋಧನೆ ಎಂದರೆ ಸ್ಥೂಲವಾಗಿ ಇಷ್ಟೇ: ಜನ ಕಂಡದ್ದನ್ನು ಕ್ರಮವಾಗಿ ಕೇಳಿ ತಿಳಿಯುವುದು, ತನ್ನ ಊಹೆಯನ್ನು ತಾನೇ ಪರೀಕ್ಷೆಗೆ ಒಡ್ಡುವುದು.

ಇಂಥ ಕೆಲಸ ದೊಡ್ಡ ವಿಜ್ಞಾನಿಗಳಿಗೆ ಮಾತ್ರ ಮೀಸಲಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 1979ರಲ್ಲಿಯೇ ವೈದ್ಯಕೀಯ ಪದವಿ ವಿದ್ಯಾರ್ಥಿಗಳಿಗಾಗಿ ಅಲ್ಪಾವಧಿ ಸಂಶೋಧನಾ ವಿದ್ಯಾರ್ಥಿವೇತನವನ್ನು ಆರಂಭಿಸಿತು. ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ಚೌಕಟ್ಟಿನಲ್ಲಿ ನಾಲ್ಕನೆಯ ವರ್ಷ ಮಾರ್ಗದರ್ಶಕರ ಅಡಿಯಲ್ಲಿ ಸಂಶೋಧನೆ ನಡೆಸಿ ಆನರ್ಸ್ ಪದವಿ ಪಡೆಯಲು ಅವಕಾಶವಿದೆ. ಕರ್ನಾಟಕದಲ್ಲಿ 2021–22ರಲ್ಲಿ ಬಂದ ನಾಲ್ಕು ವರ್ಷದ ವ್ಯವಸ್ಥೆಯಿಂದ ರಾಜ್ಯ ಸರ್ಕಾರ 2024ರಲ್ಲಿ ಮೂರು ವರ್ಷದ ಪದವಿಗೆ ಮರಳಿತು. ವ್ಯವಸ್ಥೆ ಯಾವುದೇ ಇರಲಿ, ಕಿರು ಸಂಶೋಧನೆ ಕೈಗೊಳ್ಳುವ ವಿದ್ಯಾರ್ಥಿ ಹಳ್ಳಿಯ ಬಾಗಿಲಿಗೆ ಬಂದೇ ಬರುತ್ತಾನೆ. ಬಂದವನು ಏನು ಕೇಳಬೇಕು, ಹೇಗೆ ಕೇಳಬೇಕು, ಕೇಳಿ ಪಡೆದದ್ದನ್ನು ಏನು ಮಾಡಬೇಕು ಎಂಬುದೇ ಇಂದಿನ ವಿಷಯ.

ಪ್ರಶ್ನೆಯನ್ನು ಕಿರಿದುಗೊಳಿಸುವುದು

ಅಂತಿಮ ವರ್ಷದ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳೋಣ. ಅವಳೂ ಮಲೆನಾಡಿನವಳೇ. ‘ಅರಣ್ಯನಾಶದಿಂದಲೇ ಮಂಗನ ಕಾಯಿಲೆ ಹೆಚ್ಚುತ್ತಿದೆಯೇ?’ ಎಂಬ ಪ್ರಶ್ನೆಯೊಂದಿಗೆ ಅವಳು ಮಾರ್ಗದರ್ಶಕರ ಬಳಿ ಹೋಗುತ್ತಾಳೆ. ಪ್ರಶ್ನೆ ಯೋಗ್ಯವಾದದ್ದೇ. ಕಾಡು, ದನಕರು ಮತ್ತು ಉಣುಗುಗಳ ಸಂಬಂಧವನ್ನು ಹೋರ್ಹೆ ಬೋಶೆಲ್ ಎಂಬ ವಿಜ್ಞಾನಿ 1969ರಲ್ಲಿಯೇ ಚರ್ಚಿಸಿದ್ದರು. ಬೆಳ್ತಂಗಡಿ ತಾಲ್ಲೂಕಿನಲ್ಲಿ 1983ರ ಸುಮಾರಿಗೆ ಗೇರು ನೆಡುತೋಪಿಗಾಗಿ ಕಾಡು ಕಡಿದ ಬಳಿಕ ಕಾಯಿಲೆ ಉಲ್ಬಣಿಸಿದ್ದನ್ನು ಇಂದಿಗೂ ಉದಾಹರಿಸಲಾಗುತ್ತದೆ. ಆದರೆ ಒಂದು ಕಡೆ ಹೀಗಾಯಿತೆಂದು ಎಲ್ಲ ಕಡೆಯೂ ಹೀಗೇ ಆಯಿತೆಂದು ತೀರ್ಮಾನಿಸಲಾಗದು. ಅದಕ್ಕೆ ಹಲವು ವರ್ಷಗಳ ಅರಣ್ಯ ನಕ್ಷೆ, ಉಣುಗು ಸಮೀಕ್ಷೆ, ರಕ್ತಪರೀಕ್ಷೆಗಳ ದಾಖಲೆ ಬೇಕು. ಅದು ಒಬ್ಬ ಪದವಿ ವಿದ್ಯಾರ್ಥಿನಿಯ ಒಂದು ವರ್ಷದ ದುಡಿಮೆಗೆ ದಕ್ಕುವುದಿಲ್ಲ.

ಪರಿಸರದ ಪರವಾಗಿ ಹೋರಾಡುವವರಿಗೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಬೇಕಾದ ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡು ಅದಕ್ಕೆ ತಕ್ಕ ಅಂಕಿಗಳನ್ನು ಹುಡುಕುವುದು ಸಂಶೋಧನೆಯಲ್ಲ. ಹಾಗೆ ಬರೆದ ಪ್ರಬಂಧ ಒಮ್ಮೆ ಸುಳ್ಳೆಂದು ಸಾಬೀತಾದರೆ, ಮುಂದೆ ಹೇಳುವ ನಿಜವನ್ನೂ ಯಾರೂ ನಂಬುವುದಿಲ್ಲ.

ಮಾರ್ಗದರ್ಶಕರ ಮೊದಲ ಕೆಲಸವೇ ಪ್ರಶ್ನೆಯನ್ನು ಕೊರೆದು ಕಿರಿದು ಮಾಡುವುದು. ಮಲೆನಾಡಿನ ರೈತರು ತೋಟಕ್ಕೆ ಸೊಪ್ಪನ್ನೂ, ಕೊಟ್ಟಿಗೆಗೆ ಹಾಸಲು ತರಗೆಲೆಯನ್ನೂ ಬೆಟ್ಟದಿಂದ ತರುತ್ತಾರೆ. ತರಗೆಲೆ ಗುಡಿಸುವ ಬೇಸಿಗೆಯ ತಿಂಗಳುಗಳಲ್ಲೇ ಮರಿ ಉಣುಗುಗಳೂ ಹೆಚ್ಚು. ಕಾಯಿಲೆಯ ಕಾಲ ಸಾಮಾನ್ಯವಾಗಿ ಡಿಸೆಂಬರಿನಿಂದ ಮೇ ವರೆಗೆ. ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತಿತು. ಈ ರೋಗಕ್ಕೆಂದೇ ನಿರ್ದಿಷ್ಟವಾದ ಔಷಧಿಯೂ ಇಲ್ಲ. ಆದುದರಿಂದ ಉಣುಗು ಕಚ್ಚದಂತೆ ನೋಡಿಕೊಳ್ಳುವುದೇ ಮುಖ್ಯ ರಕ್ಷಣೆ. ಇದಕ್ಕಾಗಿ ಆರೋಗ್ಯ ಇಲಾಖೆ ಡೆಪಾ ತೈಲವನ್ನು ಹಂಚುತ್ತದೆ. ಹಾಗಾದರೆ ಪ್ರಶ್ನೆ ಹೀಗಿರಬಹುದು: ‘ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವ್ಯಾಪ್ತಿಯಲ್ಲಿ, ಸೊಪ್ಪು ತರಗೆಲೆ ತರಲು ಬೆಟ್ಟಕ್ಕೆ ಹೋದವರು ಕೊನೆಯ ಸಲ ಹೋದಾಗ ತೈಲ ಹಚ್ಚಿಕೊಂಡಿದ್ದರೇ? ಇಲ್ಲವಾದರೆ ಏಕೆ?’ ಪ್ರಶ್ನೆ ಸಣ್ಣದು. ಆದರೆ ಇದಕ್ಕೆ ಉತ್ತರ ಸಿಗುತ್ತದೆ, ಸಿಕ್ಕಿದ ಉತ್ತರದಿಂದ ಜೀವ ಉಳಿಯಬಹುದು.

ಮಾರ್ಗದರ್ಶಕರು ಮತ್ತು ಮಿತಿಗಳು

ಮೇಲ್ವಿಚಾರಣೆ ಎಂದರೆ ಕೊನೆಯ ಪುಟಕ್ಕೆ ಸಹಿ ಹಾಕುವುದಲ್ಲ. ಪ್ರಸ್ತಾವನೆ ತಿದ್ದುವುದು, ವಾರಕ್ಕೊಮ್ಮೆ ಟಿಪ್ಪಣಿ ಪುಸ್ತಕ ನೋಡುವುದು, ಬೇಡವಾದದ್ದನ್ನು ಬೇಡವೆನ್ನುವುದು ಮಾರ್ಗದರ್ಶಕರ ಹೊಣೆ. ಪದವಿ ವಿದ್ಯಾರ್ಥಿ ಸತ್ತ ಮಂಗವನ್ನು ಮುಟ್ಟಕೂಡದು, ಉಣುಗು ಸಂಗ್ರಹಿಸಕೂಡದು, ರಕ್ತದ ಮಾದರಿ ತೆಗೆಯಕೂಡದು. ಈ ವೈರಾಣುವಿನ ಕೆಲಸ ಉನ್ನತ ಸುರಕ್ಷತೆಯ ಪ್ರಯೋಗಾಲಯಗಳಿಗೆ ಸೇರಿದ್ದು.

ಕಾಲೇಜಿನ ನೈತಿಕ ಸಮಿತಿಯ ಅನುಮತಿ ಕೈಸೇರುವ ಮುನ್ನ ಒಂದು ಮನೆಯ ಬಾಗಿಲನ್ನೂ ತಟ್ಟುವಂತಿಲ್ಲ. ಉದ್ದೇಶವನ್ನು ಕನ್ನಡದಲ್ಲಿ ವಿವರಿಸಿ, ಉತ್ತರಿಸದೆ ಇರುವ ಹಕ್ಕು ಅವರಿಗಿದೆಯೆಂದು ತಿಳಿಸಿ, ಬಳಿಕವಷ್ಟೇ ಒಪ್ಪಿಗೆ ಪಡೆಯಬೇಕು. ಹೆಸರು ಬರೆಯದಿದ್ದರೆ ಗುಟ್ಟು ಉಳಿಯಿತೆಂದು ಭಾವಿಸಬಾರದು. ಹತ್ತು ಮನೆಗಳ ಕೇರಿಯಲ್ಲಿ ‘ಕಳೆದ ವರ್ಷ ಜ್ವರದಿಂದ ತೀರಿಕೊಂಡ ಮಹಿಳೆಯ ಮನೆ’ ಎಂದರೆ ಊರಿಗೆಲ್ಲ ಗೊತ್ತಾಗುತ್ತದೆ. ಭೇಟಿಯ ವೇಳೆ ಜ್ವರಪೀಡಿತರು ಕಂಡರೆ ಪ್ರಶ್ನಾವಳಿ ಬದಿಗಿಟ್ಟು ಆರೋಗ್ಯ ಕೇಂದ್ರಕ್ಕೆ ತಿಳಿಸುವುದು ಮೊದಲ ಕರ್ತವ್ಯ.

ಯಾರನ್ನು ಕೇಳುವುದು?

ಮಲೆನಾಡಿನ ಮನೆಗಳು ಚದುರಿ ಹೋಗಿವೆ. ಬಸ್ಸು ನಿಲ್ಲುವ ಕಡೆಯ ನೂರು ಮನೆಗಳನ್ನು ಕೇಳಿ ಬಂದರೆ ಪ್ರಬಂಧವೇನೋ ಮುಗಿಯುತ್ತದೆ. ಆದರೆ ಕಾಡಿಗೆ ಅಂಟಿಕೊಂಡಿರುವ, ಅಪಾಯ ಹೆಚ್ಚಿರುವ ಮನೆಗಳೇ ಬಿಟ್ಟುಹೋಗುತ್ತವೆ. ಬೆಟ್ಟಕ್ಕೆ ಹೋಗುವವರಿರುವ ಮನೆಗಳ ಪೂರ್ಣ ಪಟ್ಟಿ ಮಾಡಿ ಚೀಟಿ ಎತ್ತಿ ಆರಿಸಬೇಕು; ಚೀಟಿ ಬಂದ ಮನೆ ಎಷ್ಟು ದೂರವಿದ್ದರೂ ನಡೆದು ಹೋಗಬೇಕು. ಹೀಗೆ ಆರಿಸಿದ ಸುಮಾರು 96 ಮನೆಗಳಿಂದ ಬರುವ ಶೇಕಡಾವಾರು ಅಂದಾಜು, ನೂರರಲ್ಲಿ 95 ಸಲ, ನಿಜದಿಂದ 10 ಅಂಶಗಳಿಗಿಂತ ಆಚೀಚೆ ಹೋಗುವುದಿಲ್ಲ ಎಂಬುದು ಸಂಖ್ಯಾಶಾಸ್ತ್ರದ ಲೆಕ್ಕ. ಸಾವಿರ ಮನೆ ಬೇಕಿಲ್ಲ, ನ್ಯಾಯವಾದ ಆಯ್ಕೆ ಬೇಕು.

ಕೇಳುವ ರೀತಿಯೂ ಮುಖ್ಯ. ‘ತೈಲ ಹಚ್ಚುತ್ತೀರಾ?’ ಎಂದರೆ, ಅದರಲ್ಲೂ ಆಶಾ ಕಾರ್ಯಕರ್ತೆ ಪಕ್ಕದಲ್ಲಿ ನಿಂತಿರುವಾಗ, ಹೆಚ್ಚಿನವರು ಹೌದೆನ್ನುತ್ತಾರೆ. ‘ಕೊನೆಯ ಸಲ ಬೆಟ್ಟಕ್ಕೆ ಹೋದ ದಿನ ಏನು ಮಾಡಿದಿರಿ?’ ಎಂದರೆ ನಿಜ ಹೊರಬರುವ ಸಾಧ್ಯತೆ ಹೆಚ್ಚು. ಜಗುಲಿಯ ಮೇಲೆ ಕುಳಿತ ಯಜಮಾನರ ಉತ್ತರ ಸಾಲದು. ತರಗೆಲೆ ಗುಡಿಸುವವರು ಮನೆಯ ಹೆಂಗಸರೋ ಕೂಲಿಗೆ ಬಂದವರೋ ಆಗಿದ್ದರೆ ಅವರನ್ನೇ ಕೇಳಬೇಕು. ಮನೆಗೆ ಕೊಟ್ಟ ಶೀಶೆ ಕೂಲಿಯವರ ಕೈಗೂ ಬಂದಿತೇ ಎಂಬುದು ಅವರ ಬಾಯಿಂದಲೇ ತಿಳಿಯಬೇಕಾದ ವಿಷಯ.

ಕೆಲಸದ ವೇಳಾಪಟ್ಟಿ ಮಲೆನಾಡಿನ ಋತುವಿಗೆ ಹೊಂದಿಕೊಂಡಿರಬೇಕು. ಮಳೆಗಾಲದಲ್ಲಿ ಓದು ಮತ್ತು ಪ್ರಸ್ತಾವನೆ, ನವೆಂಬರಿನೊಳಗೆ ಅನುಮತಿ ಮತ್ತು ಪ್ರಶ್ನಾವಳಿಯ ಪ್ರಾಯೋಗಿಕ ಪರೀಕ್ಷೆ, ಜನವರಿಯಿಂದ ಮಾರ್ಚ್‌ವರೆಗೆ ಮನೆಭೇಟಿ, ಏಪ್ರಿಲ್‌ನಲ್ಲಿ ವಿಶ್ಲೇಷಣೆ. ಅನುಮತಿಯ ಅರ್ಜಿ ಎರಡು ತಿಂಗಳು ತಡವಾದರೆ ತರಗೆಲೆಯ ಕಾಲವೇ ಕೈಬಿಟ್ಟುಹೋಗುತ್ತದೆ. ಅಡಿಕೆ ಕೊಯ್ಲಿನ ದಿನಗಳಲ್ಲಿ ಹಗಲು ಹೊತ್ತು ಯಾರಿಗೂ ಬಿಡುವಿರುವುದಿಲ್ಲ ಎಂಬುದೂ ನೆನಪಿನಲ್ಲಿರಬೇಕು.

ಉತ್ತರ ಯಾರದು?

ಕೊನೆಗೆ ಬಂದ ಫಲಿತಾಂಶ ವಿದ್ಯಾರ್ಥಿನಿ ನಿರೀಕ್ಷಿಸಿದಂತೆ ಇಲ್ಲದಿರಬಹುದು. ಜನರ ಅಜ್ಞಾನವೇ ಕಾರಣವೆಂದು ಅವಳು ಊಹಿಸಿದ್ದರೆ, ತೈಲ ತಡವಾಗಿ ಬಂದದ್ದು ಕಾರಣವೆಂದು ತಿಳಿಯಬಹುದು. ತೈಲವೇ ಬರಲಿಲ್ಲವೆಂದು ಊಹಿಸಿದ್ದರೆ, ಬಂದ ಶೀಶೆ ಅಟ್ಟದ ಮೇಲೆ ಉಳಿದದ್ದು ಕಾಣಬಹುದು. ಎರಡನ್ನೂ ಕಂಡಂತೆಯೇ ಬರೆಯಬೇಕು. ಅಧ್ಯಯನದ ಮಿತಿಗಳನ್ನೂ ಮುಚ್ಚಿಡಬಾರದು.

ಪ್ರಬಂಧಕ್ಕೆ ಅಂಕ ಬಂದೊಡನೆ ಕೆಲಸ ಮುಗಿಯಲಿಲ್ಲ. ಮಳೆ ಹಿಡಿಯುವ ಮುನ್ನ ಎರಡು ಪುಟಗಳ ಕನ್ನಡ ಸಾರಾಂಶದೊಂದಿಗೆ ಅವಳು ಅದೇ ಊರಿನ ಗ್ರಾಮಸಭೆಗೂ ಆರೋಗ್ಯ ಕೇಂದ್ರಕ್ಕೂ ಮರಳಬೇಕು. ಮುಂದಿನ ಡಿಸೆಂಬರಿಗೆ ತೈಲವನ್ನು ಎಂದು, ಯಾರ ಕೈಗೆ, ಎಷ್ಟು ತಲುಪಿಸಬೇಕೆಂಬುದನ್ನು ನಿರ್ಧರಿಸಲು ಅಲ್ಲಿ ಅದು ಒದಗುತ್ತದೆ. ಗ್ರಂಥಾಲಯದ ಕಪಾಟಿನಲ್ಲಿ ಒದಗುವುದಿಲ್ಲ.

ಗ್ರಾಮಸ್ಥರಿಗೂ ಇಲ್ಲೊಂದು ಪಾತ್ರವಿದೆ. ಪ್ರಶ್ನಾವಳಿ ಹಿಡಿದು ಬರುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಅವರು ಮೂರು ಪ್ರಶ್ನೆ ಹಾಕಬಹುದು: ಮಾರ್ಗದರ್ಶಕರು ಯಾರು? ನೈತಿಕ ಸಮಿತಿಯ ಅನುಮತಿಪತ್ರ ಎಲ್ಲಿ? ಉತ್ತರವನ್ನು ಊರಿಗೆ ತಂದು ಹೇಳುವುದು ಯಾವಾಗ? ಈ ಮೂರಕ್ಕೂ ನೇರ ಉತ್ತರ ಕೊಡುವ ವಿದ್ಯಾರ್ಥಿಗೆ ಮಣೆ ಹಾಕಿ, ಕುಡಿಯಲು ನೀರು ಕೊಟ್ಟು, ಕಂಡದ್ದನ್ನು ಕಂಡಂತೆ ಹೇಳಲಿ. ಕ್ಯಾಸನೂರಿನಲ್ಲಿ ಮೊದಲು ಕಂಡವರು ಊರಿನವರು. ಮುಂದೆಯೂ ಮೊದಲು ಕಾಣುವವರು ಅವರೇ.