ಮಸೀದಿಗೂ ಅಂಗಡಿಗೂ ಒಂದೇ ಹೆಸರು

(ಜುಮಾ ಖುತ್ಬಾದ ಸಾರಾಂಶ)



ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಅವನ ಅಂತಿಮ ಪ್ರವಾದಿಯವರ(ಸ) ಮೇಲೆ, ಅವರ ಕುಟುಂಬ ಮತ್ತು ಸಂಗಾತಿಗಳ ಮೇಲೆ ಶಾಂತಿ ಇರಲಿ. ಮೊದಲು ನಮಗೆ ನಾವೇ, ಅನಂತರ ನಿಮ್ಮೆಲ್ಲರಿಗೂ ತಕ್ವಾದ ಉಪದೇಶ ಮಾಡುತ್ತೇವೆ.

ಜ್ಞಾನವನ್ನು ಅರಸಿ ಚೀನಾದವರೆಗೂ ಹೋಗಬೇಕೆಂಬ ಮಾತು ನಮ್ಮ ಸಭೆಗಳಲ್ಲಿ ಹದೀಸ್ ಎಂದೇ ಕೇಳಿಬರುತ್ತದೆ. ಹದೀಸ್ ವಿದ್ವಾಂಸರು ಅದನ್ನು ದುರ್ಬಲವೆಂದೂ ಕೆಲವರು ಕಟ್ಟುಮಾತೆಂದೂ ಹೇಳಿದ್ದಾರೆ. ಆದ್ದರಿಂದ ಅದನ್ನು ಪ್ರವಾದಿಯವರ(ಸ) ಹೆಸರಿನಲ್ಲಿ ಹೇಳುವುದು ಬೇಡ. ಆದರೆ ಚೀನಾದ ಮುಸ್ಲಿಮರಿಂದ ನಾವು ಕಲಿಯುವುದು ಬಹಳಷ್ಟಿದೆ.

ಆ ದೇಶದ ಶಾಂಕ್ಸಿ ಪ್ರಾಂತದ ಶಿಯಾನ್ ನಗರದಲ್ಲಿ ಒಂದು ಹಳೆಯ ಮುಸ್ಲಿಮ್ ಬಡಾವಣೆ ಇದೆ. ಅಲ್ಲಿಗೆ ಭೇಟಿ ನೀಡುವ ಅವಕಾಶವನ್ನು ಅಲ್ಲಾಹನು ನಮಗೆ ಒದಗಿಸಿಕೊಟ್ಟಿದ್ದನು. ಒಂದು ಕಾಲದಲ್ಲಿ ಆ ನಗರಕ್ಕೆ ಚಾಂಗ್‌ಆನ್ ಎಂದು ಹೆಸರು. ಅದು ತಾಂಗ್ ಅರಸರ ರಾಜಧಾನಿ, ರೇಷ್ಮೆ ಮಾರ್ಗದ ಪೂರ್ವದ ತುದಿ. ಹಝ್ರತ್ ಉಸ್ಮಾನ್(ರ) ಖಲೀಫರಾಗಿದ್ದಾಗ, 651ರಲ್ಲಿ, ಅರಬರ ದೂತರು ಅಲ್ಲಿನ ಆಸ್ಥಾನಕ್ಕೆ ಬಂದದ್ದನ್ನು ಚೀನಾದ ಇತಿಹಾಸಕಾರರೇ ದಾಖಲಿಸಿದ್ದಾರೆ. ಅರಬ್ ಮತ್ತು ಪಾರಸಿ ವರ್ತಕರು ಬಂದರು, ಕೆಲವರು ನೆಲೆಸಿದರು. ಇಂದು ಅವರ ಪರಂಪರೆಯವರನ್ನು ಹುಯಿ ಎನ್ನುತ್ತಾರೆ. 2020ರ ಜನಗಣತಿಯಂತೆ ಚೀನಾದಲ್ಲಿ ಹುಯಿ ಜನರು 1 ಕೋಟಿ 13 ಲಕ್ಷಕ್ಕೂ ಹೆಚ್ಚು. ಅವರ ಮಾತು ಚೀನೀ, ಮುಖ ಚೀನೀ, ಕಿಬ್ಲಾ ನಮ್ಮದೇ.

ನಗರದ ಹಳೆಯ ನಗಾರಿ ಗೋಪುರದ ಹಿಂದಿನಿಂದ ಆ ಬೀದಿ ಆರಂಭವಾಗುತ್ತದೆ. ಕಡ್ಡಿಗೆ ಚುಚ್ಚಿ ಸುಡುವ ಕುರಿಮಾಂಸ, ಎಣ್ಣೆಯಲ್ಲಿ ಕರಿದ ಪರ್ಸಿಮನ್ ಹಣ್ಣಿನ ಸಿಹಿ ರೊಟ್ಟಿ, ಖರ್ಜೂರದ ಜೊತೆ ಹಬೆಯಲ್ಲಿ ಬೇಯಿಸಿದ ಅಂಟಕ್ಕಿಯ ತಿಂಡಿ, ದಾಳಿಂಬೆ ರಸ. ದೂರದೂರದಿಂದ ಜನ ಬರುತ್ತಾರೆ. ಬಂದವರಲ್ಲಿ ಹೆಚ್ಚಿನವರು ಮುಸ್ಲಿಮರಲ್ಲ.

ಅಲ್ಲಿನ ಪ್ರಸಿದ್ಧ ಊಟಕ್ಕೆ ಪಾವ್‌ಮೋ ಎನ್ನುತ್ತಾರೆ. ಮೊದಲು ಒಂದು ಖಾಲಿ ಬಟ್ಟಲು ಮತ್ತು ಗಟ್ಟಿಯಾದ ರೊಟ್ಟಿಯನ್ನು ನಿಮ್ಮ ಮುಂದಿಡುತ್ತಾರೆ. ಅದನ್ನು ನೀವೇ ಕೈಯಿಂದ ಕಾಳಿನಷ್ಟು ಚಿಕ್ಕದಾಗಿ ಮುರಿಯಬೇಕು. ಆಮೇಲೆ ಅಡುಗೆಯವನು ಬಟ್ಟಲನ್ನು ಒಳಗೆ ಒಯ್ದು, ಮಾಂಸದ ಸಾರಿನಲ್ಲಿ ಕುದಿಸಿ ತರುತ್ತಾನೆ. ರೊಟ್ಟಿ ಮುರಿಯಲು ಸಾಕಷ್ಟು ಹೊತ್ತು ಬೇಕು. ತಂದೆ, ಮಕ್ಕಳು, ಅಜ್ಜಿ ಒಂದೇ ಮೇಜಿನ ಸುತ್ತ ಕುಳಿತು ಮುರಿಯುತ್ತಾ ಮಾತನಾಡುತ್ತಾರೆ. ಮೊಬೈಲ್ ನೋಡುತ್ತಾ ಐದು ನಿಮಿಷದಲ್ಲಿ ತಟ್ಟೆ ಖಾಲಿ ಮಾಡಿ ಏಳುವ ನಮ್ಮ ಮನೆಗಳಿಗೆ ಇದೊಂದು ಪಾಠ.

ಆ ಬೀದಿಯ ಅಂಗಡಿಗಳ ಮೇಲೆ ಹಲಾಲ್ ಎಂಬುದಕ್ಕೆ ಅವರು ಬರೆಯುವ ಪದ ‘ಚಿಂಗ್‌ಜೆನ್’. ಚಿಂಗ್ ಎಂದರೆ ಶುದ್ಧ, ಜೆನ್ ಎಂದರೆ ಸತ್ಯ. ಮಸೀದಿಯನ್ನು ಅವರು ಏನೆನ್ನುತ್ತಾರೆ? ‘ಚಿಂಗ್‌ಜೆನ್ ಸಿ’, ಅಂದರೆ ಶುದ್ಧ-ಸತ್ಯದ ಮಂದಿರ. ನಮಾಝಿನ ಜಾಗಕ್ಕೂ ಸಾರಿನ ಅಂಗಡಿಗೂ ಒಂದೇ ಪದ! ಸಜ್ದಾದಲ್ಲಿ ಇರುವ ಶುದ್ಧಿ, ಸತ್ಯ ತಕ್ಕಡಿಯಲ್ಲಿಯೂ ಇರಬೇಕೆಂದು ಆ ಪದ ದಿನವೂ ನೆನಪಿಸುತ್ತದೆ.

ಸಹೋದರರೇ, ಕುರ್‌ಆನ್ ಸಮಸ್ತ ಮಾನವರನ್ನು ಕರೆದು, ಭೂಮಿಯಲ್ಲಿರುವ ಹಲಾಲ್ ಹಾಗೂ ತಯ್ಯಿಬ್ ಆದುದನ್ನು ತಿನ್ನಲು ಆದೇಶಿಸಿದೆ. ನಾವು ಹಲಾಲ್ ಎಂಬ ಮೊದಲ ಪದವನ್ನು ಗಟ್ಟಿಯಾಗಿ ಹಿಡಿದಿದ್ದೇವೆ, ಒಳ್ಳೆಯದು. ತಯ್ಯಿಬ್ ಎಂಬ ಎರಡನೆಯ ಪದ ಎಲ್ಲಿ ಹೋಯಿತು? ಬಿಸ್ಮಿ ಹೇಳಿ ಕೊಯ್ದ ಕೋಳಿಯನ್ನು ನಾಲ್ಕು ದಿನದ ಹಳೆಯ ಎಣ್ಣೆಯಲ್ಲಿ ಕರಿದರೆ? ತೂಕದಲ್ಲಿ ಐವತ್ತು ಗ್ರಾಂ ಕಡಿಮೆ ಕೊಟ್ಟರೆ? ಕೆಲಸದ ಹುಡುಗನ ಕೂಲಿಯನ್ನು ತಡೆಹಿಡಿದರೆ? ಮದೀನಾದ ಮಾರುಕಟ್ಟೆಯಲ್ಲಿ ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ತೇವ ತಗುಲಿದ ಘಟನೆ ನಿಮಗೆ ಗೊತ್ತಿದೆ. ಆ ಧಾನ್ಯ ಹರಾಮ್ ಆಗಿರಲಿಲ್ಲ. ತೇವವನ್ನು ಅಡಿಯಲ್ಲಿ ಮುಚ್ಚಿಟ್ಟದ್ದೇ ಅಪರಾಧವಾಗಿತ್ತು. ವಂಚಿಸುವವನು ನಮ್ಮವನಲ್ಲವೆಂಬ ಎಚ್ಚರಿಕೆ ಅಲ್ಲಿಯೇ ಬಂತು.

ಆ ಗದ್ದಲದ ಬೀದಿಯ ಪಕ್ಕದ ಇಕ್ಕಟ್ಟಾದ ಓಣಿಯಲ್ಲಿ ಶಿಯಾನಿನ ದೊಡ್ಡ ಮಸೀದಿ ಇದೆ. ಅದರ ಸ್ಥಾಪನೆ 742ರಲ್ಲಿ ಎಂಬುದು ಅಲ್ಲಿನ ಪರಂಪರೆಯ ಮಾತು. ಈಗಿರುವ ಕಟ್ಟಡಗಳು 1392ರ ಮಿಂಗ್ ಕಾಲ ಮತ್ತು ಅನಂತರದವು. ಗುಮ್ಮಟವಿಲ್ಲ. ಅಂಗಳದ ಮುಂದೆ ಅಂಗಳ, ಮರದ ಕಂಬಗಳು, ನೀಲಿ ಹೆಂಚಿನ ಮಾಡು. ಮಿನಾರವೂ ಚೀನೀ ಗೋಪುರದಂತೆಯೇ ಇದೆ. ಅದಕ್ಕೆ ‘ಹೃದಯವನ್ನು ಪರೀಕ್ಷಿಸಿಕೊಳ್ಳುವ ಗೋಪುರ’ ಎಂದು ಹೆಸರು. ಚೀನಾದ ದೇವಾಲಯಗಳು ವಾಡಿಕೆಯಂತೆ ದಕ್ಷಿಣಕ್ಕೆ ಮುಖ ಮಾಡಿದರೆ, ಈ ಇಡೀ ಮಸೀದಿ ಪೂರ್ವದಿಂದ ಪಶ್ಚಿಮಕ್ಕೆ, ಮಕ್ಕಾದ ಕಡೆಗೆ ಚಾಚಿಕೊಂಡಿದೆ. ನಮಾಝಿನ ಹಾಲ್‌ನ ಗೋಡೆಗಳಲ್ಲಿ ಮರದ ಹಲಗೆಗಳ ಮೇಲೆ ಕುರ್‌ಆನ್ ಕೆತ್ತಲಾಗಿದೆ. ಉಡುಪು, ಮಾಡು, ಭಾಷೆ ನಾಡಿನದಾಗಬಹುದು. ಕಿಬ್ಲಾ ಬದಲಾಗಬಾರದು. ಕನ್ನಡ ನಾಡಿನ ನಮಗೂ ಇದೇ ಮಾತು.

ಆದರೆ ಕಟ್ಟಡ ತಾನಾಗಿ ಈಮಾನನ್ನು ಉಳಿಸುವುದಿಲ್ಲ. ಹದಿನಾರನೆಯ ಶತಮಾನದ ಹೊತ್ತಿಗೆ ಅಲ್ಲಿನ ಮುಸ್ಲಿಮರಿಗೆ ಅರಬಿ, ಪಾರಸಿ ಮರೆಯುತ್ತಾ ಬಂದಿತ್ತು. ಆಗ ಅದೇ ಪ್ರಾಂತದ ಹು ದೆಂಗ್‌ಜೌ (1522–1597) ಎಂಬ ವಿದ್ವಾಂಸರು ಮಕ್ಕಳನ್ನು ಕೂರಿಸಿಕೊಂಡು ಪಾಠ ಆರಂಭಿಸಿದರು. ಗ್ರಂಥ ಅರಬಿ, ಪಾರಸಿ. ವಿವರಣೆ ಚೀನೀ ಭಾಷೆಯಲ್ಲಿ. ಅವರ ಶಿಷ್ಯರು ಆ ಪದ್ಧತಿಯನ್ನು ಊರೂರಿಗೆ ಒಯ್ದರು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಚೀನಾದಾದ್ಯಂತ ಮಸೀದಿಗಳು ಮುಚ್ಚಿದಾಗಲೂ, ದೀನ್ ಮನೆಗಳೊಳಗೆ ಉಸಿರಾಡುತ್ತಿತ್ತು. ನಮ್ಮ ಮಕ್ಕಳು ಸೂರತುಲ್ ಫಾತಿಹಾವನ್ನು ಓದುತ್ತಾರೆ. ಅದರ ಅರ್ಥವನ್ನು ಅವರಿಗೆ ಕನ್ನಡದಲ್ಲಿ ತಿಳಿಸಿಕೊಟ್ಟಿದ್ದೇವೆಯೇ?

ಇನ್ನೊಂದು ವಿಷಯ. 1990ರ ದಶಕದಲ್ಲಿ ಆ ಬಡಾವಣೆಯ ನಿವಾಸಿಗಳೇ ಸಮಿತಿ ಕಟ್ಟಿ, ತಮ್ಮ ಬೀದಿಯ ಹೋಟೆಲುಗಳಲ್ಲಿ ಮದ್ಯ ಮಾರದಂತೆ ಅಂಗಡಿಯವರ ಮನವೊಲಿಸಲು ಹೊರಟರು. ಮದ್ಯವಿಟ್ಟರೆ ಗಿರಾಕಿ ಹೆಚ್ಚುತ್ತಾರೆಂದು ಅವರಿಗೆ ತಿಳಿಯದೆ ಇರಲಿಲ್ಲ. ಬೀದಿಯ ಹೆಸರನ್ನು ಕಾಪಾಡುವುದು ಇಡೀ ಬಡಾವಣೆಯ ಹೊಣೆ ಎಂದು ಅವರು ತಿಳಿದರು.

ರಮಝಾನಿನ ಸಂಜೆ ನಮ್ಮ ಊರುಗಳ ಮೊಹಲ್ಲಾಗಳಿಗೂ ಎಲ್ಲ ಧರ್ಮದವರು ಕಬಾಬ್, ಹಲೀಮ್, ಸಮೋಸ ತಿನ್ನಲು ಬರುತ್ತಾರೆ. ಇದು ಸಂತೋಷದ ವಿಷಯ. ಮಸೀದಿಯ ಒಳಗೆ ಬಾರದವರು ನಮ್ಮ ದೀನನ್ನು ಬೀದಿಯಲ್ಲಿ ಓದುತ್ತಾರೆ. ಚರಂಡಿಗೆ ಎಸೆದ ಎಲುಬನ್ನು ಓದುತ್ತಾರೆ, ಆಂಬುಲೆನ್ಸ್‌ಗೆ ದಾರಿ ಬಿಡದ ಬೈಕುಗಳನ್ನು ಓದುತ್ತಾರೆ, ತರಾವೀಹ್ ನಡೆಯುವಾಗ ಬೀದಿಯಲ್ಲೇ ಉಳಿದ ನಮ್ಮ ಯುವಕರನ್ನೂ ಓದುತ್ತಾರೆ. ನಮ್ಮ ಮೊಹಲ್ಲಾ ಬರೀ ರುಚಿಗೆ ಹೆಸರಾದರೆ ಸಾಕೇ?

ಮೂರು ಕೆಲಸಗಳನ್ನು ಈ ವಾರವೇ ಆರಂಭಿಸೋಣ. ವ್ಯಾಪಾರಿಗಳು ತಮ್ಮ ತಕ್ಕಡಿ ಮತ್ತು ಎಣ್ಣೆಯ ಬಾಣಲೆಯನ್ನು ತಾವೇ ಪರೀಕ್ಷಿಸಲಿ. ಜಮಾಅತಿನ ಯುವಕರು ಪ್ರತಿ ರಾತ್ರಿ ಅಂಗಡಿಗಳು ಮುಚ್ಚಿದ ಬಳಿಕ ಬೀದಿಯನ್ನು ಗುಡಿಸಲಿ. ಮನೆಗಳಲ್ಲಿ ದಿನಕ್ಕೆ ಒಂದು ಹೊತ್ತಾದರೂ ಎಲ್ಲರೂ ಜೊತೆಯಾಗಿ ಉಣ್ಣಲಿ, ಅಲ್ಲಿ ಒಂದು ಆಯತಿನ ಅರ್ಥ ಮಾತಿಗೆ ಬರಲಿ.

ಅಲ್ಲಾಹನು ನಮ್ಮ ಅನ್ನವನ್ನು ಹಲಾಲ್ ಮತ್ತು ತಯ್ಯಿಬ್ ಮಾಡಲಿ. ನಮ್ಮ ದುಡಿಮೆಯಲ್ಲಿ ಬರಕತ್ ನೀಡಲಿ. ದೂರದ ನಾಡುಗಳಲ್ಲಿ ದೀನನ್ನು ಹಿಡಿದುಕೊಂಡಿರುವ ನಮ್ಮ ಸಹೋದರ ಸಹೋದರಿಯರಿಗೆ ಸ್ಥೈರ್ಯ ಕೊಡಲಿ. ಆಮೀನ್.