ಸೀರೆ ಉಟ್ಟ ಹುಡುಗನೂ ರಾಟರ್‌ಡ್ಯಾಮಿನ ನಾಟಕವೂ

(ಸಂಘದ ವಾರ್ಷಿಕೋತ್ಸವದಲ್ಲಿ ಆಡಿದ ಮಾತು)

 

ಪ್ರತಿ ವರ್ಷ ಇಲ್ಲಿ ಮೊದಲು ಭೀಮಗೀತೆ, ಆಮೇಲೆ ಭಾಷಣ, ಆಮೇಲೆ ನಾಟಕ. ಭಾಷಣ ಯಾವಾಗ ಮುಗೀತದ ಅಂತ ನೀವು ಕಾಯ್ತಿರತೀರಿ, ಅದು ನನಗೂ ಗೊತ್ತದ. ನಾಟಕದೊಳಗ ಒಂದು ಕಾಮಿಡಿ ಪಾರ್ಟು ಇದ್ದೇ ಇರತದ. ಮೀಸೆ ಬೋಳಿಸಿದ ಹುಡುಗ ಸೀರೆ ಉಟ್ಟು, ಸೊಂಟ ತಿರುವಿಕೋತ ಬರತಾನ. ಸೀಟಿ ಬೀಳತಾವ. ಅವನು ಇನ್ನೂ ಒಂದು ಮಾತು ಆಡಿರೋದಿಲ್ಲ, ಜನ ನಕ್ಕು ನಕ್ಕು ಸುಸ್ತಾಗಿರತಾರ. ಇವತ್ತು ಆ ನಗುವಿನ ಬಗ್ಗೆ ನಾಕು ಮಾತು ಆಡಬೇಕು ಅಂತ ಬಂದೀನಿ. ನಗಬ್ಯಾಡ್ರಿ ಅಂತ ಹೇಳ್ಲಿಕ್ಕೆ ಅಲ್ಲ. ನಗುವಿಲ್ಲದ ನಾಟಕ ನೋಡಲಿಕ್ಕೆ ನಾನೂ ಬರೋದಿಲ್ಲ.

ಇಂಗ್ಲೆಂಡಿನ ಜಾನ್ ಬ್ರಿಟನ್ ಎಂಬ ನಾಟಕಕಾರರು ‘ರಾಟರ್‌ಡ್ಯಾಮ್’ ಎಂಬ ಹಾಸ್ಯನಾಟಕ ಬರೆದಿದ್ದಾರೆ. 2015ರಲ್ಲಿ ಲಂಡನ್ನಿನ ‘ಥಿಯೇಟರ್ 503’ ಎಂಬ ಪುಟ್ಟ ರಂಗಮಂದಿರದಲ್ಲಿ ಅದು ಮೊದಲು ಆಡಲ್ಪಟ್ಟಿತು. ಆ ರಂಗಮಂದಿರ ಇರೋದು ಒಂದು ಬಾರಿನ ಮಹಡಿ ಮ್ಯಾಲೆ. ಅಷ್ಟು ಸಣ್ಣ ಜಾಗದಿಂದ ಹೊರಟ ನಾಟಕಕ್ಕೆ 2017ರಲ್ಲಿ ಅಲ್ಲಿಯ ದೊಡ್ಡ ಪ್ರಶಸ್ತಿಯಾದ ಒಲಿವಿಯರ್ ಪ್ರಶಸ್ತಿ ಬಂತು. ಇರೋದು ನಾಲ್ಕೇ ಪಾತ್ರ. ನಮ್ಮ ಸಂಘದ ಖರ್ಚಿಗೆ ಹೊಂದುವಂಥದ್ದು ಅನ್ರಿ.

ಕಥೆ ಹೀಂಗದ. ಆಲಿಸ್ ಮತ್ತು ಫಿಯೋನಾ ಇಬ್ಬರೂ ಇಂಗ್ಲಿಷರು. ತಮ್ಮ ದೇಶ ಬಿಟ್ಟು ನೆದರ್‌ಲ್ಯಾಂಡ್ಸಿನ ರಾಟರ್‌ಡ್ಯಾಮ್ ಎಂಬ ಬಂದರಿನ ಊರಲ್ಲಿ ಜೋಡಿಯಾಗಿ ಬಾಳುವೆ ಮಾಡುತ್ತಿದ್ದಾರೆ. ಹೊಸ ವರ್ಷ ಹತ್ತಿರ ಬಂದದ. ತಾನು ಪ್ರೀತಿಸೋದು ಹೆಣ್ಣನ್ನು ಅಂತ ಆಲಿಸ್ ತನ್ನ ತಾಯಿ-ತಂದೆಗೆ ಈವರೆಗೂ ಹೇಳಿಲ್ಲ. ಕಡೆಗೆ ಧೈರ್ಯ ಮಾಡಿ ಇಮೇಲ್ ಬರೆದಾಳ. ಕಳಿಸುವ ಬಟನ್ ಒತ್ತಲಿಕ್ಕೆ ಮಾತ್ರ ಕೈ ಬರವಲ್ದು. ಅಷ್ಟರಲ್ಲಿ ಫಿಯೋನಾ ಬಾಯಿ ಬಿಡೋದು: ಒಳಗಿನಿಂದ ತಾನು ಯಾವಾಗಲೂ ಗಂಡೇ, ಇನ್ನು ಮುಂದೆ ಗಂಡಾಗಿಯೇ ಬದುಕಬೇಕು, ಹೆಸರು ಏಡ್ರಿಯನ್. ಈಗ ಆಲಿಸ್ ಆ ಇಮೇಲಿನೊಳಗ ಏನು ಬರೀಬೇಕು ಹೇಳ್ರಿ? ತನ್ನ ಜೊತೆಗಾರ ಗಂಡು ಅಂದಮ್ಯಾಲೆ ತಾನು ಯಾರು? ಇಷ್ಟು ವರ್ಷ ಮುಚ್ಚಿಟ್ಟುಕೊಂಡು, ಅತ್ತು, ಕಡೆಗೆ ಒಪ್ಪಿಕೊಂಡ ತನ್ನ ಗುರುತೇ ಸುಳ್ಳಾಯಿತೇನು? ನಗು ಹುಟ್ಟೋದೂ ಇಲ್ಲೇ, ಹೊಟ್ಟೆ ಚುರುಕ್ ಅನ್ನೋದೂ ಇಲ್ಲೇ.

ಇನ್ನಿಬ್ಬರಲ್ಲಿ ಜೋಶ್ ಎಂಬವನು ಏಡ್ರಿಯನ್‌ನ ಒಡಹುಟ್ಟಿದವನು. ಮಜಾ ಏನಂದ್ರ, ಅವನೇ ಆಲಿಸ್‌ಳ ಹಳೆಯ ಪ್ರಿಯಕರ! ಆದರೂ ಇಬ್ಬರ ನಡುವೆ ನಿಂತು ಎಲ್ಲರನ್ನೂ ಸಂಭಾಳಿಸುವ ಒಳ್ಳೆಯ ಮನುಷ್ಯ. ಇನ್ನೊಬ್ಬಳು ಲೆಲಾನಿ, ಆಲಿಸ್ ಜೊತೆ ಕೆಲಸ ಮಾಡುವ ಡಚ್ ಹುಡುಗಿ, ಯಾವುದಕ್ಕೂ ಹಿಂದುಮುಂದು ನೋಡದವಳು. ಅಷ್ಟೇ.

ಈಗ ನೋಡ್ರಿ, ಇಡೀ ನಾಟಕದಲ್ಲಿ ಏಡ್ರಿಯನ್ ಅಂಗಿ-ಪ್ಯಾಂಟು ಹಾಕಿದ ಅಂತ ಯಾರನ್ನೂ ನಗಿಸಿಲ್ಲ. ನಗು ಬರೋದು ಆಲಿಸ್‌ಳ ಪೇಚಾಟಕ್ಕೆ. ಪ್ರೀತಿ ಅದ, ಆದರೆ ನಾಲಿಗೆ ಹೊರಳೋದಿಲ್ಲ. ಮರ್ಯಾದಸ್ಥ ಮನೆತನದ ಹುಡುಗಿ ಒಂದು ಸಣ್ಣ ಪದ ಬದಲಿಸಲಿಕ್ಕೆ ಎಷ್ಟು ಒದ್ದಾಡತಾಳ! ಅಂದ್ರ ಗುಂಡಿಯೊಳಗ ಬಿದ್ದವನನ್ನು ನೋಡಿ ನಗೋದಲ್ಲ ಇದು. ಸರಳ ರಸ್ತೆಯ ಮ್ಯಾಲೆ ಎಡವೋರನ್ನು ನೋಡಿ ನಗೋದು.

ಈ ನಾಟಕವನ್ನು ಕನ್ನಡಕ್ಕೆ ತಂದರೆ ಹೆಂಗ ಅಂತ ನಾನು ವಿಚಾರ ಮಾಡಿದೆ. ಇಂಗ್ಲಿಷಿನಲ್ಲಿ ಆಲಿಸ್ ತಪ್ಪೋದು ‘ಶೀ’, ‘ಹೀ’ ಎಂಬ ಒಂದೊಂದು ಪದದಲ್ಲಿ. ಕನ್ನಡದಲ್ಲಿ ಹಾಗಲ್ಲ, ಪ್ರತಿ ಕ್ರಿಯಾಪದದ ಬಾಲದಲ್ಲಿ ಸಿಕ್ಕಿಬೀಳತಾಳ. ಬಂದಳು, ಉಂಡಳು, ಮಲಗಿದಳು. ಬಂದ, ಉಂಡ, ಮಲಗಿದ. ಒಂದು ದಿನದ ಸುದ್ದಿ ಹೇಳೋದರೊಳಗ ಇಪ್ಪತ್ತು ಸಲ ಎಡವಬೇಕು. ಇದಕ್ಕಿಂತ ದೊಡ್ಡ ಕಾಮಿಡಿ ಬೇಕಾ ನಮ್ಮ ನಟರಿಗೆ?

ಇನ್ನೊಂದು ಮಾತು. ಕನ್ನಡದಲ್ಲಿ ‘ನಾನು ಬಂದೆ’ ಅಂದರೆ ಹೇಳಿದವರು ಹೆಣ್ಣೋ ಗಂಡೋ ಗೊತ್ತಾಗೋದಿಲ್ಲ. ‘ನೀನು ಬಂದಿ’ ಅಂದರೂ ಗೊತ್ತಾಗೋದಿಲ್ಲ. ಒಬ್ಬರ ಬಗ್ಗೆ ಮತ್ತೊಬ್ಬರು ಬೆನ್ನ ಹಿಂದೆ ಮಾತಾಡುವಾಗಲೇ ಹೆಣ್ಣು-ಗಂಡು ಅಂತ ಗೆರೆ ಬೀಳೋದು. ನಾವು ಗಡಿಯ ಜನ, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ ಕಲಿತವರು. ಮರಾಠಿ ಪುಸ್ತಕದಲ್ಲಿ ಹುಡುಗ ‘ಮೀ ಆಲೋ’ ಅನ್ನಬೇಕು, ಹುಡುಗಿ ‘ಮೀ ಆಲೇ’ ಅನ್ನಬೇಕು. ಬಾಯಿ ತೆರೆದ ಕೂಡಲೇ ನೀನು ಯಾರು ಅಂತ ಹೇಳಿಕೊಳ್ಳಲೇಬೇಕು. (ಕೊಲ್ಹಾಪುರದ ಕಡೆ ಹೆಣ್ಣುಮಕ್ಕಳೂ ‘ಮೀ ಆಲೋ’ ಅಂತಾರ. ಆಕಾಶವೇನೂ ಬಿದ್ದಿಲ್ಲ.) ಮನೆಯಲ್ಲಿ ಮರಾಠಿ ಆಡುವ ಒಬ್ಬ ಹುಡುಗ ಒಳಗೊಳಗೇ ತಾನು ಹುಡುಗಿ ಅಂತ ತಿಳಿದಿದ್ದರೆ, ಅವನಿಗೆ ದಿನಾ ಸಾವಿರ ಸಲ ಸುಳ್ಳು ಹೇಳಿದಂಗ ಆಗ್ತಿರಬೇಕಲ್ಲ? ಅವನಿಗೆ ಅಂದೆ ನೋಡ್ರಿ. ‘ಆಕೆಗೆ’ ಅನ್ನಬೇಕಿತ್ತೇನು? ಭಾಷಣ ಮಾಡೋರ ನಾಲಿಗೆಯೂ ಹೀಂಗೇ ಎಡವತದ, ಇದೇ ನಾಟಕ.

ಕನ್ನಡದೊಳಗ ಒಂದು ದಾರಿ ಮೊದಲಿಂದ ಅದ: ‘ಅವರು ಬಂದರು.’ ಮರ್ಯಾದೆ ಕೊಟ್ಟರೆ ಹೆಣ್ಣು-ಗಂಡಿನ ಗೆರೆ ತಾನೇ ಅಳಿಸಿ ಹೋಗತದ. ಆದರೆ ಆ ‘ಅವರು’, ಆ ‘ರೀ’ ನಮ್ಮ ಮುತ್ತ್ಯಾಗಳಿಗೆ ಯಾರು ಕೊಟ್ಟಿದ್ದರು? ಮೇಲಿನ ಓಣಿಯ ಹತ್ತು ವರ್ಷದ ಹುಡುಗ ಬಂದು ಎಪ್ಪತ್ತು ವರ್ಷದ ಮುದುಕನಿಗೆ ‘ಏ, ಬಾರೋ ಇಲ್ಲಿ’ ಅನ್ನುತ್ತಿದ್ದ. ಹೆಸರು ಕೂಡ ನೆಟ್ಟಗೆ ಕರೆಯುತ್ತಿರಲಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರ ಜೊತೆ ದೀಕ್ಷೆ ತಗೊಂಡವರು ಧರ್ಮ ಅಷ್ಟೇ ಬದಲಿಸಲಿಲ್ಲ, ಊರು ಕೊಟ್ಟ ಗುರುತನ್ನು ಬಿಟ್ಟು ತಾವೇ ಆರಿಸಿದ ಗುರುತಿನಿಂದ ಕರೆಯಿರಿ ಅಂತ ಕೇಳಿದರು. ಆಮೇಲೆ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಹೊಸ ಹೆಸರು ಬಂದವು: ಗೌತಮ, ರಾಹುಲ, ಸುಜಾತಾ, ಸಂಘಮಿತ್ರಾ. ಊರು ಎಷ್ಟು ವರ್ಷ ಹಳೆಯದನ್ನೇ ಕರೆಯಿತು ಅಂತ ನಿಮ್ಮ ಮನೆಯ ಹಿರಿಯರನ್ನು ಕೇಳ್ರಿ. ಏಡ್ರಿಯನ್ ಕೇಳೋದು ಅದೇ ಮಾತು.

ಆ ಕಳಿಸದ ಇಮೇಲ್ ಕೂಡ ನಮಗೆ ಹೊಸದಲ್ಲ. ಪುಣೆಗೆ, ಸೋಲಾಪುರಕ್ಕೆ ಕೆಲಸಕ್ಕೆ ಹೋದ ಹುಡುಗರಿಗೆ ಗೊತ್ತದ. ಬಾಡಿಗೆ ಮನೆಯ ಮಾಲಕ ಅಡ್ಡಹೆಸರು ಕೇಳತಾನ, ನಾವು ಊರ ಹೆಸರು ಹೇಳಿ ಮಾತು ತೇಲಿಸತೀವಿ. ಗೋಡೆಗೆ ಬಾಬಾಸಾಹೇಬರ ಫೋಟೋ ಹಾಕಬೇಕೋ ಬ್ಯಾಡೋ ಅಂತ ಮೂರು ತಿಂಗಳು ಲೆಕ್ಕ ಹಾಕತೀವಿ. ಎರಡೂ ಒಂದೇ ಅಂತ ನಾನು ಹೇಳೋದಿಲ್ಲ. ನಮ್ಮ ಗುರುತು ಮನೆಯೊಳಗ ಮುಚ್ಚಬೇಕಿಲ್ಲ, ಅವ್ವ-ಅಪ್ಪ ನಮ್ಮ ಪರವಾಗಿ ಇರತಾರ. ಆಲಿಸ್‌ಳಂಥವರು ಮೊದಲು ಹೆದರೋದೇ ಅವ್ವ-ಅಪ್ಪನಿಗೆ. ಅದು ಇನ್ನೂ ಬಿರುಸು.

ನನಗೆ ನಾಟಕದ ಮೇಲೆ ಒಂದು ತಕರಾರೂ ಅದ. ಕಥೆ ಹೆಚ್ಚಾಗಿ ಆಲಿಸ್‌ಳ ಕಣ್ಣಿನಿಂದ ಸಾಗತದ. ಬದಲಾಗುತ್ತಿರುವ ಮೈ, ಮನಸ್ಸು ಏಡ್ರಿಯನ್‌ದು, ಪ್ರೇಕ್ಷಕರ ಕರುಣೆಯಲ್ಲಿ ದೊಡ್ಡ ಪಾಲು ಆಲಿಸ್‌ಗೆ. ಹಂಗಂತ ಆಲಿಸ್‌ಳನ್ನು ಖಳನಾಯಕಿ ಮಾಡಿಲ್ಲ, ಅದು ಒಳ್ಳೆಯದೇ. ಒಬ್ಬರು ತಮ್ಮ ನಿಜ ಹೇಳಿದಾಗ ಜೊತೆಗಿದ್ದವರ ಬದುಕೂ ಅಲುಗಾಡತದ, ಅವರಿಗೂ ದುಃಖಪಡುವ ಹಕ್ಕದ. ಪ್ರೀತಿ ಇದ್ದೂ ಜೊತೆ ಉಳಿಯೋದು ಆಗದೇ ಇರಬಹುದು.

ನಮ್ಮ ಕಡೆಯ ರಂಗಭೂಮಿಗೆ ಇದೆಲ್ಲ ಪರಕೀಯ ಅನ್ನೋರಿಗೆ ಒಂದು ನೆನಪು. ಮರಾಠಿ ಸಂಗೀತ ನಾಟಕದ ಬಾಲಗಂಧರ್ವರು ಗಂಡಸು. ಅವರ ಸ್ತ್ರೀಪಾತ್ರದ ಸೀರೆ, ಒಡವೆ ನೋಡಿ ದೊಡ್ಡ ಮನೆತನದ ಹೆಂಗಸರು ಹಂಗೇ ಉಡುತ್ತಿದ್ದರು. ಅದೇ ಕಾಲದಲ್ಲಿ ತಮಾಶಾದ ‘ನಾಚ್ಯಾ’ ಹೆಣ್ಣುವೇಷ ಹಾಕಿದರೆ ಜನ ಅವನ ಗಂಡಸುತನ ಕೆದಕಿ ನಗುತ್ತಿದ್ದರು. ತಮಾಶಾ ಕಟ್ಟಿ ಬೆಳೆಸಿದವರಲ್ಲಿ ಮಹಾರ, ಮಾಂಗ ಜನವೇ ಹೆಚ್ಚು. ಒಂದೇ ಸೀರೆ, ಒಂದು ಕಡೆ ಕಲೆ, ಇನ್ನೊಂದು ಕಡೆ ಚೇಷ್ಟೆ. 2010ರ ‘ನಟರಂಗ್’ ಸಿನಿಮಾದಲ್ಲಿ ಅತುಲ್ ಕುಲಕರ್ಣಿ ಮಾಡಿದ್ದು ಇಂಥ ನಾಚ್ಯಾನ ಪಾತ್ರ, ಬಹಳ ಮಂದಿ ನೋಡಿರತೀರಿ. ಇನ್ನು ಸವದತ್ತಿ ಯಲ್ಲಮ್ಮನ ಜೋಗಪ್ಪಗಳು. ಮಂಗಳವಾರ ಬಂದರೆ ಕಾಲಿಗೆ ಬೀಳತೀವಿ, ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೆ ಸೀಟಿ ಹೊಡೀತೀವಿ.

‘ನಾನು ಅವನಲ್ಲ ಅವಳು’ ಎಂಬ ಕನ್ನಡ ಸಿನಿಮಾಕ್ಕೆ ಸಂಚಾರಿ ವಿಜಯ್ ಅವರು ರಾಷ್ಟ್ರಪ್ರಶಸ್ತಿ ಪಡೆದರು. ಅದು ತಮಿಳುನಾಡಿನ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ. ಅವರು ದಲಿತರು, ಟ್ರಾನ್ಸ್ ಮಹಿಳೆ, ರಂಗನಟಿ. ಜಾತಿಯ ಅವಮಾನ, ಲಿಂಗದ ಅವಮಾನ ಎರಡನ್ನೂ ಉಂಡವರು. ಹಂಗಾಗಿ ‘ಅಂಥವರು ನಮ್ಮೊಳಗ ಯಾರೂ ಇಲ್ಲ’ ಅಂತ ಹೇಳಬ್ಯಾಡ್ರಿ. ಹೆಣ್ಣು-ಗಂಡು ಎರಡಲ್ಲದ ಗುರುತನ್ನು ಸುಪ್ರೀಂ ಕೋರ್ಟ್ 2014ರಲ್ಲಿ ಒಪ್ಪಿತು. ಸಲಿಂಗ ಪ್ರೀತಿ ಅಪರಾಧವಲ್ಲ ಅಂತ 2018ರಲ್ಲಿ ಹೇಳಿತು. ಕೋರ್ಟಿನ ಮಾತು ನಮ್ಮ ನಾಟಕದ ಪೆಂಡಾಲಿಗೆ ಇನ್ನೂ ಮುಟ್ಟಿಲ್ಲ. ಈಗ ಈ ಪೆಂಡಾಲಿನಲ್ಲೇ ಒಬ್ಬ ಹುಡುಗ ಅಥವಾ ಹುಡುಗಿ ಎಲ್ಲರ ಜೊತೆ ನಗುತ್ತ, ತನ್ನನ್ನೇ ನೋಡಿ ನಗುತ್ತಿದ್ದಾರೆ ಅಂತ ಹೊಟ್ಟೆಯೊಳಗ ಹಿಂಡಿಸಿಕೊಳ್ಳುತ್ತ ಕೂತಿರಬಹುದು. ನಾಟಕ ಮುಗಿದ ಮೇಲೆ ಆ ಮಗು ಯಾರ ಹತ್ತಿರ ಹೋಗಿ ಮಾತಾಡಬೇಕು? ಸೀಟಿ ಹೊಡೆದವರ ಹತ್ತಿರವೇ?

ಅದಕ್ಕೇ ನನ್ನದೊಂದು ಸೂಚನೆ. ಮುಂದಿನ ವರ್ಷದ ಕಾಮಿಡಿ ನಾವೇ ಬರೆಯೋಣ. ನಮ್ಮ ಓಣಿಯದೇ ಒಂದು ಮನೆ. ಮಗಳು ಕಾಲೇಜಿನಿಂದ ಬಂದು, ನಾನು ಮಗ, ಹೆಸರು ಬದಲಿಸೀನಿ ಅಂತಾಳ. ಅಲ್ಲಲ್ಲ, ಅಂತಾನ. ಬಿ.ಎ. ಓದಿದ ಅಣ್ಣ, ಭಾಷಣ ಮಾಡುವ ಕಾಕಾ, ಗ್ರಾಮಪಂಚಾಯತಿ ಮೆಂಬರ್ ಮಾವ, ಇವರೆಲ್ಲ ಪ್ರತಿ ವಾಕ್ಯದ ಬಾಲದಲ್ಲಿ ಎಡವಿ ಬೀಳಬೇಕು. ರೇಷನ್ ಕಾರ್ಡಿನಲ್ಲಿ ಹೆಸರು ತಿದ್ದಿಸಲಿಕ್ಕೆ ಹೋದಲ್ಲಿ ಒಂದು ದೃಶ್ಯ, ಅಲ್ಲಿ ಗುಮಾಸ್ತನ ಪೇಚಾಟ ಬೇರೆ. ಓದು ಬರಹ ಬಾರದ ಅಜ್ಜಿಯೊಬ್ಬಳೇ ಮೊದಲನೇ ದಿನದಿಂದ ಹೊಸ ಹೆಸರು ಸರಿಯಾಗಿ ಕರೀತಾಳ. ಆಕೆ ತನ್ನ ಕಾಲದಲ್ಲಿ ಹೆಸರು ಬದಲಾದದ್ದನ್ನು ಕಂಡಾಕಿ.

ಅಜ್ಜಿಯ ಪಾತ್ರಕ್ಕೆ ಗಂಡಸರೇ ಸೀರೆ ಉಡಲಿ, ನನ್ನ ತಕರಾರಿಲ್ಲ. ಆದರೆ ಸೊಂಟ ತಿರುವೋದಿಲ್ಲ, ಮಾತು ಆಡಬೇಕು. ಯಾರು ಮಾಡತೀರಿ, ಕೈ ಎತ್ರಿ.