ಒಂದರಿಂದ ಹತ್ತು ಎಲ್ಲಿ ಹೋಯ್ತು?

ಇವತ್ತು ಒಂದು ಕಾಮಿಕ್ಸು, ಒಂದು ಮಾಂಗಾ, ಒಂದು ಸಿನಿಮಾ. ಮೂರಕ್ಕೂ ಸಮಸಮ ಟೈಮ್ ಕೊಡ್ಬೇಕು ಅಂತ ಚೀಟಿ ಬರ್ಕೊಂಡು ಕೂತಿದ್ದೀನಿ. ಆ ಚೀಟಿಗೆ ಎಷ್ಟು ಆಯಸ್ಸು ಅಂತ ಹಳೇ ಕೇಳುಗರಿಗೆ ಗೊತ್ತು. ಹಿಂದೆ ಕುಕ್ಕರ್ ಕೂಗಿದ್ರೆ ಬೇಜಾರಾಗ್ಬೇಡಿ, ಇದು ಬನಶಂಕರಿಯ ನಮ್ಮನೆ, ಸ್ಟುಡಿಯೋ ಅಲ್ಲ.

ಮೊನ್ನೆ ಅಟ್ಟ ಗುಡಿಸುವಾಗ ಅಮರ ಚಿತ್ರಕಥೆಗಳ ಹಳೇ ಕಟ್ಟು ಸಿಕ್ತು. ಅದ್ರಲ್ಲಿ ‘ಕೃಷ್ಣ’. ಈ ಸರಣಿಯ ಮೊದಲ ಪುಸ್ತಕ ಯಾವ್ದು ಅಂತ ಯಾರನ್ನೇ ಕೇಳಿ, ‘ಕೃಷ್ಣ’ ಅಂತಾರೆ. ಆದ್ರೆ ಅದರ ನಂಬರು 11. ಮೊದಲ ಪುಸ್ತಕಕ್ಕೆ ಹನ್ನೊಂದನೇ ನಂಬರು ಯಾಕೆ? ಒಂದರಿಂದ ಹತ್ತು ಎಲ್ಲಿ ಹೋಯ್ತು?

ಎಲ್ಲೂ ಹೋಗಿಲ್ಲ. ಅವು ಕನ್ನಡದಲ್ಲಿದ್ವು.

ಇದನ್ನ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ, ಯಾಕಂದ್ರೆ ಈ ವಿಷಯಕ್ಕೆ ಸುಚಿತ್ರಾ ಫಿಲ್ಮ್ ಸೊಸೈಟೀಲಿ ಸಿನಿಮಾ ಮುಗಿಸ್ಕೊಂಡು ಬಂದು, ಫುಟ್‌ಪಾತ್ ಮೇಲೆ ನಿಂತು, ಗೆಳೆಯನ ಜೊತೆ ಎರಡು ಟೀ ಆಗೋಷ್ಟು ಹೊತ್ತು ಜಗಳ ಆಡಿದ್ದೀನಿ. ಅವನು ಹೇಳೋದು ಎಲ್ಲರಿಗೂ ಗೊತ್ತಿರೋ ಕಥೆ. 1967, ದೆಹಲಿ. ಟಿವಿಯಲ್ಲಿ ಕ್ವಿಜ್ ಬರ್ತಾ ಇದೆ. ಮಕ್ಕಳು ಗ್ರೀಕ್ ಪುರಾಣದ ಪ್ರಶ್ನೆಗೆ ಪಟಪಟ ಉತ್ತರ ಕೊಡ್ತಾರೆ, ರಾಮನ ತಾಯಿ ಯಾರು ಅಂದ್ರೆ ಬಾಯಿ ಬಿಡಲ್ಲ. ನೋಡ್ತಾ ನಿಂತಿದ್ದ ಅನಂತ ಪೈ ಅವರಿಗೆ ಬೇಸರ ಆಗತ್ತೆ, ಅಲ್ಲಿಂದ ಅಮರ ಚಿತ್ರಕಥೆ ಹುಟ್ಟತ್ತೆ. ಪೈ ಅವರೇ ಹೇಳ್ಕೊಂಡು ಬಂದ ಕಥೆ, ಸುಳ್ಳು ಅನ್ನಲ್ಲ. ಅವರೂ ನಮ್ಮ ಕಾರ್ಕಳದಲ್ಲಿ ಹುಟ್ಟಿದವರೇ.

ಆದ್ರೆ ಅದಕ್ಕಿಂತ ಎರಡು ವರ್ಷ ಮುಂಚೆ, 1965ರಲ್ಲಿ, ಇದೇ ಬೆಂಗಳೂರಲ್ಲಿ ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಮ್ ಅನ್ನೋರು ಅಮರ ಚಿತ್ರಕಥೆ ಹೆಸರಲ್ಲೇ ಕನ್ನಡ ಕಾಮಿಕ್ಸ್ ತಂದಿದ್ರು. ಪುಸ್ತಕ ಮಾರೋ ಮನುಷ್ಯ. ಯಾವ್ದು ಖರ್ಚಾಗತ್ತೆ, ಯಾವ್ದು ಧೂಳು ಹಿಡಿಯತ್ತೆ ಅಂತ ಗೊತ್ತಿದ್ದವರು. ಆ ಕನ್ನಡ ಪುಸ್ತಕಗಳು ಚೆನ್ನಾಗಿ ಓಡಿದ್ವು, ಅದನ್ನ ನೋಡಿ ಮುಂಬೈಯ ಮುಖ್ಯ ಕಚೇರಿಯವರಿಗೆ ಇಂಗ್ಲಿಷಲ್ಲೂ ಮಾಡೋ ಧೈರ್ಯ ಬಂತು ಅಂತ ಅನಂತರಾಮ್ ಅವರ ಹೇಳಿಕೆ. ಹಾಗಾಗಿ ಇಂಗ್ಲಿಷ್ ಎಣಿಕೆ ಹನ್ನೊಂದರಿಂದ.

ಗೆಳೆಯ ಕೇಳ್ದ: “ಮಗಾ, ಆ ಹತ್ತರಲ್ಲಿ ಇದ್ದಿದ್ದೇನು? ಸಿಂಡ್ರೆಲಾ! ಅದ್ಯಾವ ಅಮರ ಚಿತ್ರಕಥೆ?” ಅವನ ಮಾತು ನಿಜ. ಆ ಹತ್ತೂ ಹೊರಗಿನ ಕಥೆಗಳು, ಸಿಂಡ್ರೆಲಾ ತರದವು. ಪುರಾಣಕ್ಕೆ ತಿರುಗಿಸಿದ್ದು, ಕಿರೀಟ, ತೋರಣ, ಪಂಚೆ ಎಲ್ಲಾ ಕೂಡಿಸಿ ಅದಕ್ಕೊಂದು ಮುಖ ಕೊಟ್ಟಿದ್ದು ಪೈ. ಆ ಕೀರ್ತಿ ಅವರದ್ದೇ, ನನ್ನ ತಕರಾರಿಲ್ಲ.

ಆದ್ರೆ ಇನ್ನೊಂದು ಕಡೆಯಿಂದ ನೋಡಿ. ಮೊದಲ ಹತ್ತರಲ್ಲಿ ಬೇರೆಯವರ ಕಥೆ ನಮ್ಮ ಭಾಷೇಲಿ. ಹನ್ನೊಂದರಿಂದ ನಮ್ಮ ಕಥೆ ಬೇರೆಯವರ ಭಾಷೇಲಿ. ಎಲ್ಲರೂ ಎರಡನೇದನ್ನೇ ಸಂಸ್ಕೃತಿ ಉಳಿಸಿದ ಕೆಲಸ ಅಂತ ಕೊಂಡಾಡ್ತಾರೆ. ನನಗೇನೋ ಮೊದಲನೇದೂ ಅಷ್ಟೇ ದೊಡ್ಡದು. ಸಿಂಡ್ರೆಲಾ ಕೈಲಿ ಕನ್ನಡ ಮಾತಾಡಿಸೋದು ಸಣ್ಣ ಕೆಲಸ ಏನಲ್ಲ.

ಹಾಂ, ಒಂದು ಸ್ಪಷ್ಟನೆ. ನಿಮ್ಮನೆ ‘ಕೃಷ್ಣ’ದ ಮೇಲೆ 501 ಅಂತ ಇದ್ರೆ ನಾನು ಬುರುಡೆ ಬಿಡ್ತಿದ್ದೀನಿ ಅನ್ಕೋಬೇಡಿ. ಅದು ಆಮೇಲಿನ ಮರುಮುದ್ರಣದ ನಂಬರು. ಹಳೇದು 11.

ಅಯ್ಯೋ, ಚೀಟಿ! ಸರಿ, ಮಾಂಗಾ, ಅಂದ್ರೆ ಜಪಾನಿನ ಕಾಮಿಕ್ಸು.

ಒಸಾಮು ಟೆಜುಕಾ ಅವರ ‘ಬುದ್ಧ’. 1972ರಲ್ಲಿ ಶುರು, 1983ರಲ್ಲಿ ಮುಕ್ತಾಯ, ಇಂಗ್ಲಿಷಲ್ಲಿ ಎಂಟು ದಪ್ಪ ಸಂಪುಟ. ಟೆಜುಕಾ ಜಪಾನಿನ ದೊಡ್ಡ ಮಾಂಗಾ ಕಲಾವಿದ. ನನ್ನನ್ನ ಹಿಡಿದಿದ್ದು ಒಂದೇ ಸಂಗತಿ: ಮೊದಲ ಸಂಪುಟ ಹೆಚ್ಚುಕಮ್ಮಿ ಮುಗಿಯೋ ತನಕ ಬುದ್ಧ ಹುಟ್ಟೋದೇ ಇಲ್ಲ! ಅಲ್ಲೀವರೆಗೂ ನಾವು ಇರೋದು ಚಪ್ರ ಅನ್ನೋ ಗುಲಾಮ ಹುಡುಗನ ಜೊತೆ, ತತ್ತ ಅನ್ನೋ ಅಸ್ಪೃಶ್ಯ ಹುಡುಗನ ಜೊತೆ. ತತ್ತ ಪ್ರಾಣಿಗಳ ಮೈಯೊಳಗೆ ಹೊಕ್ಕು ನೋಡಬಲ್ಲ. ಇಬ್ಬರೂ ಟೆಜುಕಾ ಕಟ್ಟಿದ ಪಾತ್ರಗಳು. ದುಃಖ ಏನು ಅಂತ ನಮಗೆ ಪೂರ್ತಿ ತೋರಿಸಿ ಆಮೇಲೆ ಸಿದ್ಧಾರ್ಥನನ್ನ ಕರ್ಕೊಂಡ್ಬರ್ತಾರೆ. ಇದು ಬುದ್ಧನ ಜೀವನಚರಿತ್ರೆ ಅಲ್ಲ ಅಂತ ಮೂಗು ಮುರಿಯೋರಿಗೆ ಒಂದೇ ಮಾತು: ಅಲ್ಲ, ಅದಕ್ಕೇ ಚೆನ್ನಾಗಿದೆ. ಬುದ್ಧನ ಕಪಿಲವಸ್ತು ಜಪಾನಿಗೆ ಹೋಗಿ, ಇಂಗ್ಲಿಷ್ ಹಾಕ್ಕೊಂಡು ಬನಶಂಕರಿಗೆ ಬಂತು, ನಾನು ಮನೇಲಿ ಕೂತು ಓದಿ ಅತ್ತೆ. ಆ ಹತ್ತು ಪುಸ್ತಕ ತಂದ ಊರಲ್ಲಿ ಇದನ್ನ ಕನ್ನಡದಲ್ಲಿ ಓದ್ಬೇಕಿತ್ತು ಅನ್ನೋದೇ ಕೊರಗು.

ಸಿನಿಮಾಗೆ ಎರಡೇ ನಿಮಿಷ ಉಳಿದಿದೆ. ಅದೇ 1972ರಲ್ಲಿ ಬಂದ ‘ನಾಗರಹಾವು’. ರಾಮಾಚಾರಿ, ಚಾಮಯ್ಯ ಮೇಷ್ಟ್ರು, ಅದೆಲ್ಲ ನಿಮಗೆ ಬಾಯಿಪಾಠ. ನಮ್ಮಮ್ಮ ಜಯನಗರ ಫೋರ್ತ್ ಬ್ಲಾಕ್ ಕಾಂಪ್ಲೆಕ್ಸಲ್ಲಿದ್ದ ಪುಟ್ಟಣ್ಣ ಥಿಯೇಟರ್ ನೆನೆಸ್ಕೊಂಡಾಗೆಲ್ಲ ಈ ಸಿನಿಮಾ ಮಾತು ಬಂದೇ ಬರತ್ತೆ. ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಪುಟ್ಟಣ್ಣ ಕಣಗಾಲ್ ಒಂದು ಸಿನಿಮಾ ಮಾಡಿದ್ರು. ಅದನ್ನ ನೋಡಿದ ತ.ರಾ.ಸು. ಇದು ನಾಗರಹಾವಲ್ಲ, ಕೇರೆಹಾವು ಅಂದ್ರು ಅನ್ನೋ ಮಾತು ಇವತ್ತಿಗೂ ಓಡಾಡ್ತಾ ಇದೆ.

ನಾನು ಇದನ್ನ ಕೊನೆಗೆ ಇಟ್ಕೊಂಡಿದ್ದು ಯಾಕಂದ್ರೆ, ಸಿಂಡ್ರೆಲಾ ಸಮುದ್ರ ದಾಟಿ ಬಂದಳು, ಬುದ್ಧ ಜಪಾನಿಗೆ ಹೋಗಿ ಬಂದ. ಇಲ್ಲಿ ಕಥೆ ಚಿತ್ರದುರ್ಗದ್ದು, ಬರೆದವರು ದುರ್ಗದ ಕಡೆಯವರು, ಶೂಟಿಂಗ್ ದುರ್ಗದ ಬಂಡೆಗಳ ಮೇಲೇ, ಭಾಷೆನೂ ಕನ್ನಡವೇ. ಆದ್ರೂ ಬರೆದವರಿಗೆ ತಮ್ಮ ಹಾವಿನ ಗುರುತು ಸಿಗಲಿಲ್ಲ. ಕಥೆ ದೂರ ಆಗೋಕೆ ದೇಶ ಬಿಡ್ಬೇಕಾಗಿಲ್ಲ, ಕೈ ಬದಲಾದ್ರೆ ಸಾಕು.

ನನ್ನ ಪಕ್ಷ ಯಾವ್ದು? ಎರಡೂ. ವಿಷ ಬೇಕಾದಾಗ ಕಾದಂಬರಿ ತೆಗೀತೀನಿ, ಮಿಕ್ಕ ದಿನ ಸಿನಿಮಾ. ಕೇರೆಹಾವನ್ನ ಬೈಗುಳ ಅಂತ ಯಾಕೆ ತಿಳೀಬೇಕು? ಹೊಲದಲ್ಲಿ ಇಲಿ ಹಿಡಿದು ರೈತನ ಬೆಳೆ ಉಳಿಸೋದು ಅದೇ ಅಲ್ವಾ?

ಕುಕ್ಕರ್ ಮೂರನೇ ಸಲ ಕೂಗ್ತು, ಹೊರಡ್ತೀನಿ. ನಿಮ್ಮನೆ ಅಟ್ಟದಲ್ಲಿ ಆ ಒಂದರಿಂದ ಹತ್ತರಲ್ಲಿ ಒಂದೇ ಒಂದು ಸಿಕ್ರೂ ರದ್ದಿಗೆ ಹಾಕ್ಬೇಡಿ. ಫೋನ್ ಮಾಡಿ, ನಾನೇ ಬರ್ತೀನಿ. ಕೊಡೋದೂ ಬೇಡ, ತೋರಿಸಿ ಸಾಕು.